ಸುದ್ದಿಬರಹದಲ್ಲಿ ‘ಟೆಕ್ಕಿ’: ಆಡುಮಾತಿನ ಇಂಗ್ಲಿಷ್ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಬೆಂಗಳೂರಿನ ಸುದ್ದಿಮನೆಗಳಲ್ಲಿ ಅಪರಾಧ ಸುದ್ದಿಯನ್ನು ತಿದ್ದುವ ಉಪಸಂಪಾದಕರಿಗೆ ‘ಟೆಕ್ಕಿ’ ಎಂಬ ಪದ ದಿನನಿತ್ಯ ಎದುರಾಗುತ್ತದೆ. ‘ಟೆಕ್ಕಿಗೆ ಲಕ್ಷಾಂತರ ರೂಪಾಯಿ ವಂಚನೆ’, ‘ಅಪಘಾತದಲ್ಲಿ ಟೆಕ್ಕಿ ಸಾವು’, ‘ಟೆಕ್ಕಿ ಸೆರೆ’ ಎಂಬಂಥ ಶೀರ್ಷಿಕೆಗಳಿಗೆ ಪತ್ರಿಕೆಯ ಓದುಗರೂ ಪೋರ್ಟಲ್‌ಗಳ ಓದುಗರೂ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಇದು ಇಂಗ್ಲಿಷಿನಲ್ಲಿಯೇ ಆಡುಮಾತಿನ ಪದ, ಇಂಗ್ಲಿಷ್ ನಿಘಂಟುಗಳು ಇದನ್ನು ಅನೌಪಚಾರಿಕ ಎಂದೇ ಗುರುತಿಸುತ್ತವೆ ಎಂಬುದು ಈಗ ಯಾರ ಗಮನಕ್ಕೂ ಬರುವುದಿಲ್ಲ. ಈ ಪದವನ್ನು ಸುದ್ದಿಯಿಂದ ಹೊರಗಿಡಬೇಕೆಂದು ನಾನು ವಾದಿಸುವುದಿಲ್ಲ. ವ್ಯಕ್ತಿಯ ಉದ್ಯೋಗವೇ ಸುದ್ದಿಯಾದಾಗ ಇದಕ್ಕಿಂತ ಚುಟುಕಾದ, ಓದುಗರಿಗೆ ತಕ್ಷಣ ತಿಳಿಯುವ ಪದ ನಮ್ಮಲ್ಲಿಲ್ಲ. ಆದರೆ ಉದ್ಯೋಗಕ್ಕೂ ಘಟನೆಗೂ ಸಂಬಂಧವೇ ಇಲ್ಲದ ಕಡೆ ಇದೇ ಪದವನ್ನು ತಂದು ಕೂರಿಸಿದರೆ, ನೊಂದವರ ಅಥವಾ ತೀರಿಕೊಂಡವರ ವ್ಯಕ್ತಿತ್ವ ಅಳಿಸಿಹೋಗಿ ಒಂದು ಗುಂಪಿನ ಹೆಸರು ಮಾತ್ರ ಉಳಿಯುತ್ತದೆ. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ವರದಿಗಾರರಿಗೆ, ಸುದ್ದಿ ತಿದ್ದುವ ಡೆಸ್ಕಿನಲ್ಲಿರುವವರಿಗೆ ಮತ್ತು ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ವಿವರಿಸಿದ್ದೇನೆ.

ಹೆಜ್ಜೆ 1: ಪದ ಯಾವ ಅರ್ಥದಲ್ಲಿ ಬಂದಿದೆ ಎಂದು ತಿಳಿಯಿರಿ

ಇಂಗ್ಲಿಷಿನ ‘ಟೆಕ್’ ಎಂಬುದಕ್ಕೆ ಸಲುಗೆಯನ್ನು ಸೂಚಿಸುವ ‘ಈ’ ಪ್ರತ್ಯಯ ಸೇರಿ ಈ ಪದ ಆಗಿದೆ. ತಿಂಡಿಪ್ರಿಯರನ್ನು ‘ಫುಡೀ’ ಎನ್ನುವಲ್ಲಿ ಇರುವುದೂ ಅದೇ ಪ್ರತ್ಯಯ. ಅಮೆರಿಕದ ರಂಗಭೂಮಿಯಲ್ಲಿ ಬೆಳಕು, ಧ್ವನಿ ಮತ್ತು ರಂಗಸಜ್ಜಿಕೆಯ ಕೆಲಸ ಮಾಡುವ ನೇಪಥ್ಯದವರನ್ನು ಹೀಗೆ ಕರೆಯುವ ರೂಢಿ ಇದೆ. ಹೊಸ ಫೋನು, ಗ್ಯಾಜೆಟ್‌ಗಳ ಬಗ್ಗೆ ವಿಪರೀತ ಆಸಕ್ತಿ ಇರುವ ಯಾರನ್ನು ಬೇಕಾದರೂ ಅಲ್ಲಿ ಹಾಗೆ ಕರೆಯಬಹುದು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮನೆಬಾಡಿಗೆ ಏರಿಕೆಯ ವಿರುದ್ಧ ಸಿಡಿದ ನಿವಾಸಿಗಳು 2013ರ ಕೊನೆಯಲ್ಲಿ ಗೂಗಲ್ ಸಿಬ್ಬಂದಿಯನ್ನು ಒಯ್ಯುವ ಬಸ್ಸುಗಳನ್ನು ತಡೆದು ನಿಲ್ಲಿಸಿದ ದಿನಗಳಲ್ಲಿ ಈ ಪದಕ್ಕೆ ಆ ಊರಿನಲ್ಲಿ ಸಿಟ್ಟಿನ ಧ್ವನಿಯೂ ಸೇರಿಕೊಂಡಿತ್ತು.

ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಪದ ಬೇರೆ ದಾರಿ ಹಿಡಿದು, ಮಾಹಿತಿ ತಂತ್ರಜ್ಞಾನ ಕಂಪನಿಯ ಉದ್ಯೋಗಿ ಎಂಬ ಒಂದೇ ಅರ್ಥಕ್ಕೆ ನಿಂತಿತು. ಪುಣೆಯಲ್ಲಿ 1981ರಲ್ಲಿ ಹುಟ್ಟಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂದು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದು, ಮುಂದಿನ ದಶಕಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮತ್ತು ಹೊರವರ್ತುಲ ರಸ್ತೆಯ ಉದ್ದಕ್ಕೂ ಕಚೇರಿಗಳು ತುಂಬಿಕೊಂಡ ಮೇಲೆ, ಇಷ್ಟು ದೊಡ್ಡ ಉದ್ಯೋಗಿ ವರ್ಗವನ್ನು ಶೀರ್ಷಿಕೆಯಲ್ಲಿ ಹೆಸರಿಸಲು ಒಂದು ಚಿಕ್ಕ ಪದ ಬೇಕಾಗಿತ್ತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐಗಳಲ್ಲಿ ದುಡಿಯುವವರನ್ನು ಕಾರ್ಖಾನೆಯ ಹೆಸರಿನಿಂದ ಗುರುತಿಸುವುದು ಈ ಊರಿನ ಹಳೆಯ ರೂಢಿಯಾಗಿತ್ತು. ಸಾಫ್ಟ್‌ವೇರ್ ಕಂಪನಿಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಮತ್ತು ಉದ್ಯೋಗಿಗಳು ಒಂದರಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುವುದರಿಂದ ಆ ರೂಢಿ ಮುಂದುವರಿಯಲಿಲ್ಲ.

ಕನ್ನಡಕ್ಕೆ ಬಂದದ್ದು ಈ ಭಾರತೀಯ ಅರ್ಥ ಮಾತ್ರ. ಆದ್ದರಿಂದ ವಿದೇಶಿ ಸುದ್ದಿಸಂಸ್ಥೆಯ ಕಾಪಿಯನ್ನು (ಸುದ್ದಿಯ ಮೂಲ ಬರಹವನ್ನು) ಅನುವಾದಿಸುವಾಗ ಈ ಪದ ಕಂಡರೆ, ಸುದ್ದಿಯನ್ನು ಕೊನೆಯವರೆಗೆ ಓದಿ ಅದು ಉದ್ಯೋಗಿಯನ್ನು ಸೂಚಿಸುತ್ತಿದೆಯೋ ಹವ್ಯಾಸಿಯನ್ನೋ ನೇಪಥ್ಯದ ಕಲಾವಿದರನ್ನೋ ಎಂದು ಖಚಿತಪಡಿಸಿಕೊಳ್ಳಬೇಕು. ಉಳಿದೆರಡು ಅರ್ಥಗಳಲ್ಲಿದ್ದರೆ ‘ಟೆಕ್ಕಿ’ ಎಂದು ಬರೆಯುವುದು ನೇರವಾದ ತಪ್ಪು.

ಹೆಜ್ಜೆ 2: ಉದ್ಯೋಗ ಯಾವುದೆಂದು ದಾಖಲೆಯಲ್ಲಿ ನೋಡಿ

ಎಫ್‌ಐಆರ್‌ನ ನಮೂನೆಯಲ್ಲಿ ದೂರುದಾರರ ವೃತ್ತಿಗೆ ಒಂದು ಕಾಲಂ ಇರುತ್ತದೆ. ಅಲ್ಲಿ ಹಲವು ಬಾರಿ ‘ಖಾಸಗಿ ಕಂಪನಿ ಉದ್ಯೋಗಿ’ ಎಂದಷ್ಟೇ ಬರೆದಿರುತ್ತದೆ. ವಾಸ ಬೆಳ್ಳಂದೂರು ಅಥವಾ ಮಾರತ್ತಹಳ್ಳಿ, ವಯಸ್ಸು ಮೂವತ್ತರ ಆಸುಪಾಸು, ಕೆಲಸ ಖಾಸಗಿ ಕಂಪನಿಯಲ್ಲಿ ಎಂದಾದರೆ ವರದಿಗಾರರ ಲೇಖನಿ ತಾನಾಗಿಯೇ ‘ಟೆಕ್ಕಿ’ ಎಂದು ಬರೆದುಬಿಡುತ್ತದೆ. ಇದು ಊಹೆ. ಅದೇ ಟೆಕ್ ಪಾರ್ಕಿನಲ್ಲಿ ಲೆಕ್ಕಪತ್ರ ವಿಭಾಗದವರು, ನೇಮಕಾತಿ ವಿಭಾಗದವರು, ಕಾಲ್ ಸೆಂಟರ್ ಸಿಬ್ಬಂದಿ, ಕ್ಯಾಂಟೀನ್ ವ್ಯವಸ್ಥಾಪಕರು, ಕ್ಯಾಬ್‌ಗಳ ಉಸ್ತುವಾರಿಯವರು ಎಲ್ಲರೂ ದುಡಿಯುತ್ತಾರೆ. ಅವರೆಲ್ಲರೂ ಖಾಸಗಿ ಕಂಪನಿಯ ಉದ್ಯೋಗಿಗಳೇ.

ಠಾಣೆಗೆ ಕರೆ ಮಾಡಿದಾಗ ‘ಏನು ಕೆಲಸ ಮಾಡುತ್ತಿದ್ದರು’ ಎಂದು ಕೇಳಿದರೆ ‘ಐಟಿ ಸರ್’ ಎಂಬ ಉತ್ತರ ಬರುವುದು ಸಾಮಾನ್ಯ. ಅಲ್ಲಿಗೆ ನಿಲ್ಲಿಸದೆ ಯಾವ ಹುದ್ದೆ, ಯಾವ ವಿಭಾಗ ಎಂದು ಮತ್ತೊಂದು ಪ್ರಶ್ನೆ ಕೇಳಬೇಕು. ಪೊಲೀಸರಿಗೆ ತಿಳಿಯದಿದ್ದರೆ ದೂರಿನ ಪ್ರತಿಯನ್ನೋ ಬಂಧುಗಳ ಹೇಳಿಕೆಯನ್ನೋ ನೋಡಬೇಕು. ಸಾಫ್ಟ್‌ವೇರ್ ಎಂಜಿನಿಯರ್, ಟೆಸ್ಟರ್, ಡೇಟಾ ಅನಲಿಸ್ಟ್, ನೆಟ್‌ವರ್ಕ್ ನಿರ್ವಾಹಕ ಇಂಥ ತಾಂತ್ರಿಕ ಕೆಲಸ ಖಚಿತವಾದರೆ ‘ಟೆಕ್ಕಿ’ ಬಳಕೆಗೆ ಅರ್ಹ. ಕಾಲ್ ಸೆಂಟರಿನಲ್ಲಿ ಗ್ರಾಹಕರ ಕರೆ ಸ್ವೀಕರಿಸುವವರನ್ನು ಹಾಗೆ ಕರೆಯಬಾರದು. ಅವರ ಪಾಳಿ, ಸಂಬಳ, ಕೆಲಸದ ಸ್ವರೂಪ ಎಲ್ಲವೂ ಬೇರೆ. ಎಲ್ಲಿಯೂ ಖಚಿತವಾಗದಿದ್ದರೆ ‘ಖಾಸಗಿ ಕಂಪನಿ ಉದ್ಯೋಗಿ’ ಎಂದೇ ಬರೆಯುವುದು ಪ್ರಾಮಾಣಿಕ ಕ್ರಮ.

ಹೆಜ್ಜೆ 3: ಉದ್ಯೋಗ ತೆಗೆದರೂ ಸುದ್ದಿ ಉಳಿಯುತ್ತದೆಯೇ?

ಇಡೀ ಮಾರ್ಗದರ್ಶಿಯಲ್ಲಿ ನಾನು ಹೆಚ್ಚು ತೂಕ ಕೊಡುವುದು ಈ ಹೆಜ್ಜೆಗೆ. ಶೀರ್ಷಿಕೆಯನ್ನು ಬರೆದ ಮೇಲೆ ‘ಟೆಕ್ಕಿ’ ಇರುವ ಜಾಗದಲ್ಲಿ ‘ಯುವಕ’, ‘ಮಹಿಳೆ’, ‘ಬೈಕ್ ಸವಾರ’ ಅಥವಾ ‘ದಂಪತಿ’ ಎಂದು ಹಾಕಿ ಓದಬೇಕು. ಸುದ್ದಿಯ ಅರ್ಥಕ್ಕೆ ಏನೂ ಕೊರತೆಯಾಗದಿದ್ದರೆ ಪದ ಅಲ್ಲಿ ಅನಗತ್ಯ. ಅರ್ಥ ಕುಸಿದುಬಿದ್ದರೆ ಪದ ಅಲ್ಲಿ ಇರಲೇಬೇಕು.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸುರಿದ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಪ್ರದೇಶ ಜಲಾವೃತವಾದಾಗ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳು ದೇಶದಾದ್ಯಂತ ಪ್ರಕಟವಾದವು. ಅಲ್ಲಿ ‘ಟ್ರ್ಯಾಕ್ಟರ್ ಏರಿದ ಟೆಕ್ಕಿಗಳು’ ಎಂಬ ಶೀರ್ಷಿಕೆ ಪೂರ್ತಿ ಸಮಂಜಸ. ಕೆರೆ, ರಾಜಕಾಲುವೆಗಳ ಜಾಲದ ನಡುವೆ ಎದ್ದು ನಿಂತ ಕಚೇರಿ ಸಮುಚ್ಚಯಗಳೂ ಅಲ್ಲಿಗೆ ಹೋಗಲೇಬೇಕಾದ ಉದ್ಯೋಗಿಗಳೂ ಆ ಸುದ್ದಿಯ ಜೀವಾಳವಾಗಿದ್ದರು. ಅದೇ ರೀತಿ 2024ರ ಜುಲೈನಲ್ಲಿ ಐಟಿ ವಲಯದ ದುಡಿಮೆಯ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಕರ್ನಾಟಕದಲ್ಲಿ ಚರ್ಚೆಗೆ ಬಂದು, ಐಟಿ ನೌಕರರ ಸಂಘಟನೆಯಾದ ಕೆಐಟಿಯು ವಿರೋಧಿಸಿದಾಗಲೂ ಉದ್ಯೋಗವೇ ಸುದ್ದಿಯ ವಿಷಯವಾಗಿತ್ತು. ಆದರೆ ಇಲ್ಲಿ ನಾನು ಶೀರ್ಷಿಕೆಯಲ್ಲಿ ‘ಐಟಿ ನೌಕರರು’ ಎಂಬುದನ್ನೇ ಆರಿಸುತ್ತೇನೆ. ಹಕ್ಕು, ಕಾನೂನು, ವೇತನದ ಮಾತು ಬಂದಾಗ ಸಲುಗೆಯ ಪದ ಬೇಡಿಕೆಯ ಗಾಂಭೀರ್ಯವನ್ನು ಕುಗ್ಗಿಸುತ್ತದೆ. ಕಾರ್ಮಿಕರು, ನೌಕರರು ಎಂಬ ಪದಗಳು ಕಾನೂನಿನಲ್ಲಿ ಹೊತ್ತಿರುವ ಭಾರವನ್ನು ‘ಟೆಕ್ಕಿಗಳು’ ಹೊರಲಾರದು.

ಕೆಲಸ ಬಿಟ್ಟು ಊರಿಗೆ ಮರಳಿ ಹೈನುಗಾರಿಕೆಯನ್ನೋ ತೋಟಗಾರಿಕೆಯನ್ನೋ ಕೈಗೊಂಡವರ ಬಗೆಗಿನ ಪುರವಣಿ ಲೇಖನಗಳಲ್ಲಿ ಈ ಪದ ಒಪ್ಪುತ್ತದೆ. ಮೊದಲಿನ ಉದ್ಯೋಗಕ್ಕೂ ಈಗಿನ ಬದುಕಿಗೂ ಇರುವ ಅಂತರವೇ ಅಲ್ಲಿಯ ಕಥೆ, ಬರಹದ ಧಾಟಿಯೂ ಹಗುರ.

ಇನ್ನು ಸೈಬರ್ ವಂಚನೆಯ ಸುದ್ದಿಗಳು ಕಷ್ಟದ ಕ್ಷೇತ್ರ. ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಹಣ ಕಳೆದುಕೊಂಡವರು ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದರೆ, ತಂತ್ರಜ್ಞಾನ ಬಲ್ಲವರೂ ಮೋಸಹೋಗುತ್ತಾರೆ ಎಂಬ ಎಚ್ಚರಿಕೆ ಓದುಗರಿಗೆ ಉಪಯುಕ್ತ. ಹಾಗಾಗಿ ಉದ್ಯೋಗ ತಿಳಿಸುವುದು ಸರಿ. ಆದರೆ ‘ಟೆಕ್ಕಿಯಾದರೂ ಮೋಸಹೋದ’ ಎಂಬ ಧಾಟಿ ಬಂದರೆ ಅಪರಾಧ ಮಾಡಿದವರನ್ನು ಬಿಟ್ಟು ಮೋಸಕ್ಕೊಳಗಾದವರನ್ನು ದೂಷಿಸಿದಂತಾಗುತ್ತದೆ. ಈ ವಂಚಕರು ಪೊಲೀಸ್ ಅಥವಾ ತನಿಖಾ ಸಂಸ್ಥೆಯ ಅಧಿಕಾರಿಗಳಂತೆ ನಟಿಸಿ, ವಿಡಿಯೊ ಕರೆಯಲ್ಲೇ ಕೂಡಿಹಾಕಿ, ಭಯದಿಂದ ಹಣ ಕೀಳುತ್ತಾರೆ. ಕಂಪ್ಯೂಟರ್ ಜ್ಞಾನ ಆ ಭಯಕ್ಕೆ ಮದ್ದಲ್ಲ. ವಂಚಕರ ವಿಧಾನಕ್ಕೆ ಶೀರ್ಷಿಕೆಯಲ್ಲಿ ಜಾಗ ಕೊಟ್ಟು ಉದ್ಯೋಗವನ್ನು ಸುದ್ದಿಯ ಒಳಗೆ ಇಡುವುದು ಉತ್ತಮ.

ಕೌಟುಂಬಿಕ ಕಲಹ, ವಿಚ್ಛೇದನ, ನೆರೆಹೊರೆಯ ಜಗಳ, ರಸ್ತೆ ಅಪಘಾತ, ಪ್ರವಾಸಕ್ಕೆ ಹೋದಾಗ ನೀರುಪಾಲಾದ ಘಟನೆ ಇವುಗಳಲ್ಲಿ ಪದ ಬಹುಮಟ್ಟಿಗೆ ಅನಗತ್ಯ.

ಹೆಜ್ಜೆ 4: ಶೀರ್ಷಿಕೆಗೂ ಇಂಟ್ರೊಗೂ ಬೇರೆ ಬೇರೆ ಅಳತೆ

ಸಿಂಗಲ್ ಕಾಲಂ ಶೀರ್ಷಿಕೆಯಲ್ಲಿ ಒಂದು ಸಾಲಿಗೆ ಹಿಡಿಸುವುದು ಕೆಲವೇ ಅಕ್ಷರ. ‘ಸಾಫ್ಟ್‌ವೇರ್ ಎಂಜಿನಿಯರ್’ ಬರೆದರೆ ಸಾಲು ಮುಗಿದೇ ಹೋಗುತ್ತದೆ, ‘ಟೆಕ್ಕಿ’ ಎರಡೇ ಅಕ್ಷರದಲ್ಲಿ ಮುಗಿಯುತ್ತದೆ. ಜಾಗದ ಒತ್ತಡ ನಿಜವಾದದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಒತ್ತಡ ಶೀರ್ಷಿಕೆಗೆ ಮಾತ್ರ ಇದೆ. ಸುದ್ದಿಯ ಒಳಗೆ ಜಾಗ ಇರುವಾಗಲೂ ‘ಟೆಕ್ಕಿ’ ಎಂದೇ ಮುಂದುವರಿಸುವುದಕ್ಕೆ ಸಮರ್ಥನೆ ಇಲ್ಲ. ಶೀರ್ಷಿಕೆಯಲ್ಲಿ ಪದ ಬಂದಿದ್ದರೆ ಇಂಟ್ರೊದ, ಅಂದರೆ ಸುದ್ದಿಯ ಆರಂಭದ ಭಾಗದ, ಮೊದಲ ವಾಕ್ಯದಲ್ಲೇ ಹುದ್ದೆಯನ್ನು ಹೇಳಿ, ಆಮೇಲೆ ವ್ಯಕ್ತಿಯ ಹೆಸರಿನಿಂದ ಅಥವಾ ‘ಅವರು’ ಎಂದು ಸಾಗಬೇಕು.

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಪೊಲೀಸ್ ಟಿಪ್ಪಣಿಯನ್ನು ತೆಗೆದುಕೊಳ್ಳೋಣ: ‘ರಾತ್ರಿ 11.30ರ ಸುಮಾರಿಗೆ ಹೊರವರ್ತುಲ ರಸ್ತೆಯ ಸರ್ವಿಸ್ ರಸ್ತೆಯಲ್ಲಿ ವಿರುದ್ಧ ದಿಕ್ಕಿನಿಂದ ಬಂದ ಟಿಪ್ಪರ್ ಲಾರಿಯು ದ್ವಿಚಕ್ರ ವಾಹನಕ್ಕೆ ಡಿಕ್ಕಿ ಹೊಡೆದ ಪರಿಣಾಮ, ಹೆಲ್ಮೆಟ್ ಧರಿಸಿದ್ದ 29 ವರ್ಷದ ಸವಾರರು, ಸಾಫ್ಟ್‌ವೇರ್ ಎಂಜಿನಿಯರ್, ಸ್ಥಳದಲ್ಲಿಯೇ ಮೃತಪಟ್ಟಿರುತ್ತಾರೆ. ಚಾಲಕನು ವಾಹನ ಬಿಟ್ಟು ಪರಾರಿಯಾಗಿರುತ್ತಾನೆ.’

ಆತುರದಲ್ಲಿ ಬರುವ ಶೀರ್ಷಿಕೆ ‘ಟಿಪ್ಪರ್ ಡಿಕ್ಕಿ: ಟೆಕ್ಕಿ ಬಲಿ’. ಪ್ರಾಸ ಚೆನ್ನಾಗಿದೆ, ಸಾಲಿಗೂ ಕೂರುತ್ತದೆ. ಆದರೆ ಟಿಪ್ಪಣಿಯಲ್ಲಿರುವ ಮುಖ್ಯ ಸಂಗತಿ, ಅಂದರೆ ಲಾರಿ ವಿರುದ್ಧ ದಿಕ್ಕಿನಲ್ಲಿ ಬಂದದ್ದು, ಅದರಲ್ಲಿ ಇಲ್ಲವೇ ಇಲ್ಲ. ಆ ರಸ್ತೆಯಲ್ಲಿ ನಿತ್ಯ ಓಡಾಡುವ ಓದುಗರಿಗೆ ಬೇಕಾದ ಮಾಹಿತಿ ಅದೇ ಆಗಿತ್ತು. ‘ವಿರುದ್ಧ ದಿಕ್ಕಿನಲ್ಲಿ ಟಿಪ್ಪರ್, ಬೈಕ್ ಸವಾರ ಸಾವು’ ಎಂದರೆ ಸಾಲು ಸ್ವಲ್ಪ ಉದ್ದವಾದರೂ ಸುದ್ದಿ ಪೂರ್ಣವಾಗುತ್ತದೆ. ಇಂಟ್ರೊ ಹೀಗೆ ಸಾಗಬಹುದು: ‘ಹೊರವರ್ತುಲ ರಸ್ತೆಯ ಸರ್ವಿಸ್ ರಸ್ತೆಯಲ್ಲಿ ವಿರುದ್ಧ ದಿಕ್ಕಿನಿಂದ ಬಂದ ಟಿಪ್ಪರ್ ಲಾರಿ ಡಿಕ್ಕಿ ಹೊಡೆದು ಬೈಕ್ ಸವಾರರೊಬ್ಬರು ಮೃತಪಟ್ಟಿದ್ದಾರೆ. ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ 29 ವರ್ಷದ ಅವರು ಹೆಲ್ಮೆಟ್ ಧರಿಸಿದ್ದರು.’ ಉದ್ಯೋಗ ಇಲ್ಲಿಯೂ ಉಳಿದಿದೆ, ಆದರೆ ಘಟನೆಯ ಮುಂದೆ ಬಂದು ನಿಂತಿಲ್ಲ.

ಹೆಜ್ಜೆ 5: ಕನ್ನಡದ ವ್ಯಾಕರಣಕ್ಕೆ ಹೊಂದಿಸಿ

ಒತ್ತಕ್ಷರವಿರುವ ‘ಟೆಕ್ಕಿ’ ಎಂಬ ರೂಪವೇ ನೆಲೆಗೊಂಡಿದೆ. ‘ಟೆಕಿ’, ‘ಟೆಕ್ಕೀ’ ಬೇಡ. ಅಧಿಕಾರಿ, ವಿದ್ಯಾರ್ಥಿ ಪದಗಳಂತೆ ಇದೂ ಇಕಾರಾಂತವಾದ್ದರಿಂದ ಟೆಕ್ಕಿಯನ್ನು, ಟೆಕ್ಕಿಗೆ, ಟೆಕ್ಕಿಯಿಂದ, ಟೆಕ್ಕಿಗಳು ಎಂದು ಸಲೀಸಾಗಿ ವಿಭಕ್ತಿ, ವಚನಗಳನ್ನು ಪಡೆಯುತ್ತದೆ. ಬಹುವಚನದಲ್ಲಿ ಕ್ರಿಯಾಪದ ‘ಪ್ರತಿಭಟಿಸಿದರು’, ‘ಬಂದಿದ್ದಾರೆ’ ಎಂದೇ ಇರಬೇಕು.

ಏಕವಚನದಲ್ಲಿ ತೊಡಕು ಹೆಚ್ಚು. ಇಂಗ್ಲಿಷಿನ ಕ್ರಿಯಾಪದಕ್ಕೆ ಲಿಂಗವೂ ಇಲ್ಲ, ಗೌರವಸೂಚಕ ರೂಪವೂ ಇಲ್ಲ. ಕನ್ನಡದಲ್ಲಿ ‘ಟೆಕ್ಕಿಯೊಬ್ಬ ಮೃತಪಟ್ಟಿದ್ದಾನೆ’, ‘ಟೆಕ್ಕಿಯೊಬ್ಬಳು ಮೃತಪಟ್ಟಿದ್ದಾಳೆ’, ‘ಟೆಕ್ಕಿಯೊಬ್ಬರು ಮೃತಪಟ್ಟಿದ್ದಾರೆ’ ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಸಲುಗೆಯ ಪದ ಕಿವಿಗೆ ಬಿದ್ದ ಕೂಡಲೇ ವಾಕ್ಯ ಏಕವಚನದತ್ತ ಜಾರುವುದನ್ನು ಗಮನಿಸಿ ನೋಡಿ. ‘ವೈದ್ಯರೊಬ್ಬರು ಮೃತಪಟ್ಟಿದ್ದಾರೆ’, ‘ಶಿಕ್ಷಕಿಯೊಬ್ಬರು ಮೃತಪಟ್ಟಿದ್ದಾರೆ’ ಎಂದು ಬರೆಯುವ ಕೈಯೇ ಇಲ್ಲಿ ‘ಮೃತಪಟ್ಟಿದ್ದಾನೆ’ ಎಂದು ಬರೆಯುತ್ತದೆ. ಸತ್ತವರ ಮನೆಯಲ್ಲಿ ಮರುದಿನ ಆ ಪತ್ರಿಕೆಯನ್ನು ಓದುತ್ತಾರೆ. ಆ ಒಂದು ಪ್ರತ್ಯಯ ಅವರನ್ನು ಎಷ್ಟು ಘಾಸಿಗೊಳಿಸಬಲ್ಲದು ಎಂಬುದನ್ನು ಡೆಸ್ಕಿನಲ್ಲಿರುವ ಪ್ರತಿಯೊಬ್ಬರೂ ನೆನಪಿಡಬೇಕೆಂದು ನಾನು ಬಯಸುತ್ತೇನೆ. ಆರೋಪಿಗಳ ವಿಷಯದಲ್ಲಿ ಏಕವಚನ ಬಳಸುವ ರೂಢಿ ಕೆಲವು ಪತ್ರಿಕೆಗಳಲ್ಲಿದೆ. ಆರೋಪ ಸಾಬೀತಾಗುವವರೆಗೆ ಬಹುವಚನವೇ ಸರಿ ಎಂಬುದು ನನ್ನ ನಿಲುವು. ಸಂತ್ರಸ್ತರ ಬಗ್ಗೆಯಂತೂ ಎರಡನೇ ಮಾತೇ ಇರಕೂಡದು.

ಪದವು ಲಿಂಗವನ್ನು ಸೂಚಿಸುವುದಿಲ್ಲ ಎಂಬುದು ಅದರ ಒಳ್ಳೆಯ ಗುಣ. ಆ ಗುಣವನ್ನು ‘ಮಹಿಳಾ ಟೆಕ್ಕಿ’, ‘ಯುವತಿ ಟೆಕ್ಕಿ’ ಎಂದು ಕೆಡಿಸುವ ಅಗತ್ಯವಿಲ್ಲ. ರಾತ್ರಿ ಪಾಳಿಯ ಸುರಕ್ಷತೆ, ಹೆರಿಗೆ ರಜೆಯಂಥ ವಿಷಯಗಳಲ್ಲಿ ಮಾತ್ರ ಅದು ಪ್ರಸ್ತುತ.

ಸಮಾಸ ಮಾಡುವಾಗ ಅರ್ಥ ಎರಡಾಗುವ ಅಪಾಯ ಇನ್ನೊಂದು. ‘ಟೆಕ್ಕಿ ಪತ್ನಿ ದೂರು’ ಎಂಬ ಶೀರ್ಷಿಕೆಯನ್ನು ನೋಡಿ. ಟೆಕ್ಕಿಯ ಪತ್ನಿ ದೂರು ಕೊಟ್ಟರೋ, ಟೆಕ್ಕಿಯಾಗಿರುವ ಪತ್ನಿ ದೂರು ಕೊಟ್ಟರೋ? ವಿಭಕ್ತಿ ಪ್ರತ್ಯಯವನ್ನು ನುಂಗಿದ್ದರಿಂದ ಎರಡೂ ಅರ್ಥ ಹೊರಡುತ್ತವೆ. ಮೊದಲನೆಯದಾದರೆ ‘ಟೆಕ್ಕಿ ವಿರುದ್ಧ ಪತ್ನಿ ದೂರು’ ಎಂದೂ ಎರಡನೆಯದಾದರೆ ‘ಪತಿ ವಿರುದ್ಧ ಟೆಕ್ಕಿ ದೂರು’ ಎಂದೂ ಬಿಡಿಸಿ ಬರೆದರೆ ಗೊಂದಲ ತೀರುತ್ತದೆ. ಮೂರನೇ ಹೆಜ್ಜೆಯ ಪರೀಕ್ಷೆಗೆ ಒಡ್ಡಿದರೆ ಇಬ್ಬರ ಉದ್ಯೋಗವೂ ಬೇಕಿಲ್ಲವೆಂದು ಕಾಣುವ ಸಾಧ್ಯತೆಯೇ ಹೆಚ್ಚು, ಆಗ ‘ಪತಿ ವಿರುದ್ಧ ಪತ್ನಿ ದೂರು’ ಸಾಕು. ‘ಕಿಲಾಡಿ ಟೆಕ್ಕಿ’, ‘ಸುಂದರಿ ಟೆಕ್ಕಿ’, ‘ಕಾಮುಕ ಟೆಕ್ಕಿ’ ಎಂಬ ವಿಶೇಷಣಗಳನ್ನು ಚರ್ಚೆಯಿಲ್ಲದೆ ಅಳಿಸಬೇಕು. ಅವು ತೀರ್ಪು ಕೊಡುತ್ತವೆ, ಸುದ್ದಿ ಕೊಡುವುದಿಲ್ಲ.

ಯಾರಾದರೂ ತಮ್ಮನ್ನು ತಾವೇ ‘ನಾನೊಬ್ಬ ಟೆಕ್ಕಿ’ ಎಂದು ಹೇಳಿಕೊಂಡಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಉಳಿಸಿ.

ಹೆಜ್ಜೆ 6: ಸಾವು ಮತ್ತು ಲೈಂಗಿಕ ಅಪರಾಧದ ಸುದ್ದಿಗಳಲ್ಲಿ ವಿಶೇಷ ಎಚ್ಚರ

ಆತ್ಮಹತ್ಯೆಯ ವರದಿಗೆ ಸಂಬಂಧಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳನ್ನು ಆಧರಿಸಿದ ಮಾರ್ಗಸೂಚಿಯನ್ನು ಅಂಗೀಕರಿಸಿದೆ. ಇಂಥ ಸುದ್ದಿಗೆ ಅತಿಯಾದ ಪ್ರಾಮುಖ್ಯ ಕೊಡಬಾರದು, ರೋಚಕ ಶೀರ್ಷಿಕೆ ಕೂಡದು, ವಿಧಾನವನ್ನು ವಿವರಿಸಬಾರದು, ಸ್ಥಳದ ವಿವರ ಕೊಡಬಾರದು ಎಂಬುದು ಅದರ ಸಾರ. ಶೀರ್ಷಿಕೆಯಲ್ಲಿ ‘ಟೆಕ್ಕಿ’ ಎಂದು ಹಾಕಿದ ಕೂಡಲೇ ಕೆಲಸದ ಒತ್ತಡವೇ ಕಾರಣ ಎಂದು ಓದುಗರು ಭಾವಿಸುತ್ತಾರೆ, ಸುದ್ದಿಯಲ್ಲಿ ಆ ಮಾತು ಎಲ್ಲಿಯೂ ಇಲ್ಲದಿದ್ದರೂ. ಒಂದು ಸಾವಿಗೆ ಒಂದೇ ಕಾರಣವನ್ನು ಅಂಟಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳು ಸ್ಪಷ್ಟವಾಗಿ ಬೇಡವೆನ್ನುತ್ತವೆ. ಆದ್ದರಿಂದ ಇಲ್ಲಿ ಪದವನ್ನು ಬಿಡಬೇಕು. ಕುಟುಂಬದವರು ಕಚೇರಿಯ ಕಿರುಕುಳದ ಬಗ್ಗೆ ಲಿಖಿತ ದೂರು ನೀಡಿದ್ದರೆ, ಅದನ್ನು ದೂರಿನಲ್ಲಿರುವ ಆರೋಪವೆಂದು ಹೇಳಿ, ಕಂಪನಿಯ ಪ್ರತಿಕ್ರಿಯೆ ಕೇಳಿ, ‘ಉದ್ಯೋಗಿ’ ಎಂಬ ಪದದಲ್ಲೇ ಬರೆಯಬಹುದು.

ಅತ್ಯಾಚಾರದಂಥ ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಶಿಕ್ಷಾರ್ಹ. ಹೆಸರು ಬರೆಯದಿದ್ದರೆ ಸಾಕೆಂದು ತಿಳಿಯಬಾರದು. ಟೆಕ್ಕಿ, ವಯಸ್ಸು, ಇಂಥ ಊರಿನ ಮೂಲದವರು, ಇಂಥ ಬಡಾವಣೆಯ ಪಿ.ಜಿ.ಯಲ್ಲಿ ವಾಸ, ಇಂಥ ಟೆಕ್ ಪಾರ್ಕಿನಲ್ಲಿ ಕೆಲಸ ಎಂಬ ಐದು ವಿವರ ಒಟ್ಟಿಗೆ ಬಂದರೆ ಸಹೋದ್ಯೋಗಿಗಳಿಗೂ ಊರಿನವರಿಗೂ ವ್ಯಕ್ತಿ ಯಾರೆಂದು ತಿಳಿದುಹೋಗುತ್ತದೆ. ಉದ್ಯೋಗವನ್ನೂ ಸೇರಿಸಿ ಗುರುತು ಹಿಡಿಯಲು ನೆರವಾಗುವ ಎಲ್ಲ ವಿವರಗಳನ್ನೂ ತೆಗೆದು ‘ಯುವತಿ’ ಅಥವಾ ‘ಸಂತ್ರಸ್ತೆ’ ಎಂದಷ್ಟೇ ಬರೆಯಬೇಕು.

ಹೆಜ್ಜೆ 7: ಅಂತರ್ಜಾಲದಲ್ಲಿ ಪ್ರಕಟಿಸುವ ಮುನ್ನ

ಮುದ್ರಿತ ಪುಟದಲ್ಲಿ ಶೀರ್ಷಿಕೆಯ ಕೆಳಗೇ ಸುದ್ದಿ ಇರುತ್ತದೆ. ಮೊಬೈಲ್ ನೋಟಿಫಿಕೇಶನ್‌ನಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಶೀರ್ಷಿಕೆಯೊಂದೇ ಓಡಾಡುತ್ತದೆ; ಇಂಟ್ರೊದಲ್ಲಿ ಕೊಟ್ಟ ಸ್ಪಷ್ಟನೆ ಅಲ್ಲಿಗೆ ತಲುಪುವುದೇ ಇಲ್ಲ. ಹಾಗಾಗಿ ಪೋರ್ಟಲ್‌ನ ಶೀರ್ಷಿಕೆಗೆ ಮುದ್ರಣಕ್ಕಿಂತ ಹೆಚ್ಚಿನ ನಿಖರತೆ ಬೇಕು, ಅಲ್ಲಿ ಜಾಗವೂ ಹೆಚ್ಚಿದೆ. ‘ಟೆಕ್ಕಿ’ ಎಂದರೆ ಹುಡುಕಾಟದಲ್ಲಿ ಸುದ್ದಿ ಮೇಲೆ ಬರುತ್ತದೆ ಎಂಬ ವಾದವನ್ನು ಡಿಜಿಟಲ್ ವಿಭಾಗ ಮುಂದಿಡಬಹುದು. ಸುದ್ದಿಗೆ ಉದ್ಯೋಗ ಪ್ರಸ್ತುತವಾಗಿದ್ದರೆ ಆ ವಾದಕ್ಕೆ ಒಪ್ಪಬಹುದು, ಇಲ್ಲದಿದ್ದರೆ ಒಪ್ಪಬಾರದು.

‘ಬೆಂಗಳೂರು ಟೆಕ್ಕಿ’ ಎಂಬ ಜೋಡಿಪದವನ್ನೂ ಇಲ್ಲಿ ಪರಿಶೀಲಿಸಬೇಕು. ವ್ಯಕ್ತಿ ಶಿರಸಿಯವರು, ಕೆಲಸ ಬೆಂಗಳೂರಿನಲ್ಲಿ, ಘಟನೆ ಗೋವಾದಲ್ಲಿ ಎಂದಿದ್ದರೆ ಉತ್ತರ ಕನ್ನಡ ಜಿಲ್ಲೆಯ ಓದುಗರಿಗೆ ಬೇಕಾದದ್ದು ‘ಶಿರಸಿಯ ಯುವಕ’ ಎಂಬ ಗುರುತು. ಜಿಲ್ಲಾ ಆವೃತ್ತಿಗೆ ಶೀರ್ಷಿಕೆಯನ್ನು ಬೇರೆಯಾಗಿಯೇ ಬರೆಯಿರಿ.

ಉದ್ಯೋಗ ತಪ್ಪೆಂದು ನಂತರ ತಿಳಿದುಬಂದರೆ ಶೀರ್ಷಿಕೆ, ಚಿತ್ರದ ಅಡಿಬರಹ, ಸಾಮಾಜಿಕ ಜಾಲತಾಣದ ಕಾರ್ಡ್, ವಿಡಿಯೊದ ಥಂಬ್‌ನೇಲ್ ಎಲ್ಲ ಕಡೆಯೂ ತಿದ್ದಿ, ಸುದ್ದಿಯ ಕೊನೆಯಲ್ಲಿ ತಿದ್ದುಪಡಿಯನ್ನು ನಮೂದಿಸಬೇಕು. ವೆಬ್ ವಿಳಾಸದಲ್ಲಿ ಪದ ಉಳಿದುಕೊಂಡಿದ್ದರೆ ಅದನ್ನೂ ತಾಂತ್ರಿಕ ವಿಭಾಗಕ್ಕೆ ಹೇಳಿ ಬದಲಿಸಬೇಕು. ಇದು ಹೆಚ್ಚಾಗಿ ಮರೆತುಹೋಗುವ ಜಾಗ.

ಹೆಜ್ಜೆ 8: ಶೈಲಿ ಕೈಪಿಡಿಗೆ ಸೇರಿಸಿ

ಪ್ರತಿ ರಾತ್ರಿ ಪಾಳಿಯಲ್ಲೂ ಇದೇ ಚರ್ಚೆ ಮರುಕಳಿಸದಿರಲು ಸಂಸ್ಥೆಯ ಶೈಲಿ ಕೈಪಿಡಿಯಲ್ಲಿ ಒಂದು ನಮೂದು ಇರಬೇಕು. ಅದು ಈ ರೀತಿ ಇರಬಹುದು:

‘ಟೆಕ್ಕಿ: ಆಡುಮಾತಿನ ಪದ. ಮಾಹಿತಿ ತಂತ್ರಜ್ಞಾನ ಕಂಪನಿಯಲ್ಲಿ ತಾಂತ್ರಿಕ ಹುದ್ದೆಯಲ್ಲಿರುವವರಿಗೆ, ಉದ್ಯೋಗವು ಸುದ್ದಿಗೆ ಪ್ರಸ್ತುತವಾಗಿದ್ದಾಗ, ಶೀರ್ಷಿಕೆ ಮತ್ತು ಹಗುರ ಧಾಟಿಯ ಲೇಖನಗಳಲ್ಲಿ ಮಾತ್ರ ಬಳಸಿ. ಸುದ್ದಿಯ ಒಳಗೆ ಹುದ್ದೆಯನ್ನು ಹೆಸರಿಸಿ. ಆತ್ಮಹತ್ಯೆ, ಲೈಂಗಿಕ ಅಪರಾಧ, ಕೌಟುಂಬಿಕ ಕಲಹದ ಸುದ್ದಿಗಳಲ್ಲಿ ಬಳಸಬೇಡಿ. ಕಾರ್ಮಿಕ ಹಕ್ಕು, ವೇತನ, ಉದ್ಯೋಗ ಕಡಿತದ ಸುದ್ದಿಗಳಲ್ಲಿ ಐಟಿ ನೌಕರರು ಅಥವಾ ಐಟಿ ಉದ್ಯೋಗಿಗಳು ಎಂದು ಬರೆಯಿರಿ. ಬಹುವಚನ: ಟೆಕ್ಕಿಗಳು. ಕ್ರಿಯಾಪದ ಗೌರವ ಬಹುವಚನದಲ್ಲಿರಲಿ.’

ನಮೂದನ್ನು ಡೆಸ್ಕಿನ ಗೋಡೆಗೆ ಅಂಟಿಸುವುದರ ಜೊತೆಗೆ ಜಿಲ್ಲಾ ವರದಿಗಾರರಿಗೂ ಅರೆಕಾಲಿಕ ಸುದ್ದಿಗಾರರಿಗೂ ಕಳುಹಿಸಿ. ಕಾಪಿ ಹುಟ್ಟುವುದು ಅವರಲ್ಲಿ. ಹುದ್ದೆ ಯಾವುದೆಂದು ಕೇಳಿ ತಿಳಿಯುವ ಅವಕಾಶ ಇರುವುದೂ ಅವರಿಗೇ. ಡೆಡ್‌ಲೈನ್ ಹತ್ತಿರವಾದಾಗ ಪದ ಇರಬೇಕೋ ಬೇಡವೋ ಎಂಬ ಭಿನ್ನಾಭಿಪ್ರಾಯ ಬಂದರೆ ಪಾಳಿಯ ಮುಖ್ಯ ಉಪಸಂಪಾದಕರು ತೀರ್ಮಾನಿಸಲಿ. ಅವರಿಗೂ ಅನುಮಾನ ಉಳಿದರೆ ಆ ರಾತ್ರಿಯ ಮಟ್ಟಿಗೆ ಪದವನ್ನು ಬಿಟ್ಟು ಪುಟ ಕಳುಹಿಸಿ, ಮರುದಿನದ ಸಭೆಯಲ್ಲಿ ಆ ಶೀರ್ಷಿಕೆಯನ್ನೇ ಮುಂದಿಟ್ಟುಕೊಂಡು ನಮೂದನ್ನು ತಿದ್ದಿಕೊಳ್ಳಬಹುದು.